ಅಜ್ಜನ ತಾಳಮದ್ದಳೆ ಇರುವ ಹಾರ್ಡ್ ಡಿಸ್ಕ್

ಚಿಕ್ಕಮ್ಮಾ, ನೀವು ಕಳುಹಿಸಿದ ವಿಡಿಯೋವನ್ನು ಕಿವಿಗೆ ಹಿಡಿದು ಮೂರು ಸಲ ಕೇಳಿದೆ. ಅಜ್ಜನ ತಾಳಮದ್ದಳೆಗಳಿರುವ ಹಾರ್ಡ್ ಡಿಸ್ಕ್ ‘ಟಿಕ್, ಟಿಕ್’ ಎನ್ನುತ್ತದೆ, ಕಂಪ್ಯೂಟರಿನಲ್ಲಿ ಕಾಣಿಸುವುದಿಲ್ಲ, ಅಂಗಡಿಯವರು ಅದು ಹಾಳಾಗಿದೆ ಎಂದರು ಎಂದಿರಿ. ಅದನ್ನು ಎಸೆಯಬೇಡಿ, ಫಾರ್ಮ್ಯಾಟ್ ಮಾಡಿಸಲೂ ಬೇಡಿ. ಅದಕ್ಕೆ ಕರೆಂಟು ಸಾಲುತ್ತಿಲ್ಲವೆಂದೇ ನನಗೆ ಅನಿಸುತ್ತದೆ.

ಅದರೊಳಗಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗಬೇಕು. ನಿಂತ ತಟ್ಟೆ ಹೊರಡುವ ಮೊದಲ ಕೆಲವು ಸೆಕೆಂಡುಗಳಲ್ಲೇ ಹೆಚ್ಚು ಕರೆಂಟು ಬೇಕು. ತೋಟದ ಪಂಪು ಶುರುವಾಗುವಾಗ ಮನೆಯ ದೀಪ ಒಮ್ಮೆ ಮಂಕಾಗುವುದಿಲ್ಲವೇ, ಹಾಗೆ. ಇಂತಹ ಸಣ್ಣ ಡಿಸ್ಕುಗಳಲ್ಲಿ ಹಲವು ಆಗ 1 ಆಂಪಿಯರ್‌ವರೆಗೂ ಎಳೆಯುತ್ತವೆ. ಯುಎಸ್‌ಬಿ 2.0 ಪೋರ್ಟಿನ ಲೆಕ್ಕ 500 ಮಿಲಿ ಆಂಪಿಯರ್. ಒಳಗೆ ನೀಲಿ ಬಣ್ಣವಿರುವ 3.0 ಪೋರ್ಟಿನದು 900. ನಿಮ್ಮ ವಿಡಿಯೋದಲ್ಲಿ ಮೌಸ್, ಕೀಬೋರ್ಡ್, ಡಿಸ್ಕ್ ಮೂರೂ ಒಂದೇ ಹಬ್‌ನಲ್ಲಿವೆ. ಆ ಹಬ್‌ಗೆ ಸ್ವಂತ ಅಡಾಪ್ಟರ್ ಇಲ್ಲ, ಒಂದು ಪೋರ್ಟಿನ ಪಾಲನ್ನೇ ಮೂರಕ್ಕೂ ಹಂಚುತ್ತದೆ.

ಹಬ್ ತೆಗೆದುಬಿಡಿ. ಡಿಸ್ಕ್ ಜೊತೆಗೆ ಬಂದ ಗಿಡ್ಡ ಕೇಬಲನ್ನೇ ಹಿಡಿದು, ಸಿಪಿಯು ಪೆಟ್ಟಿಗೆಯ ಹಿಂಬದಿಯ ನೀಲಿ ಪೋರ್ಟಿಗೆ ನೇರ ಸಿಕ್ಕಿಸಿ. ಉದ್ದನೆಯ ತೆಳು ವಯರಿನಲ್ಲಿ ವೋಲ್ಟೇಜ್ ದಾರಿಯಲ್ಲೇ ಇಳಿಯುತ್ತದೆ, ಮುಂಬದಿಯ ಪೋರ್ಟಿಗೂ ಪೆಟ್ಟಿಗೆಯೊಳಗೆ ಒಂದು ವಯರಿನ ದಾರಿ ಇರುತ್ತದೆ. ಸಿಕ್ಕಿಸಿದ ಮೇಲೆ ಬೆರಳನ್ನು ಮೆಲ್ಲನೆ ಡಿಸ್ಕಿನ ಮೇಲಿಡಿ. ಸಣ್ಣ ನಡುಕ ಒಂದೇ ಸಮನೆ ಬರುತ್ತಿದ್ದರೆ ತಟ್ಟೆ ತಿರುಗುತ್ತಿದೆ.

ಭಾವಾ, ನಿಮಗೂ ಒಂದು ಮಾತು. ನಿಮ್ಮ ದೊಡ್ಡ ಡಿಸ್ಕಿಗೆ ಲ್ಯಾಪ್‌ಟಾಪಿನ ಅಡಾಪ್ಟರ್ ಹಾಕುತ್ತೇನೆಂದು ನಿನ್ನೆ ಬರೆದಿದ್ದಿರಿ. ದಯವಿಟ್ಟು ಬೇಡ. ಆ 3.5 ಇಂಚಿನ ಡಿಸ್ಕುಗಳಿಗೆ ಬೇಕಾದದ್ದು 12 ವೋಲ್ಟ್, ಲ್ಯಾಪ್‌ಟಾಪಿನದು ಹೆಚ್ಚಾಗಿ 19ರ ಹತ್ತಿರ. ಪಿನ್ನು ಹೊಂದಿದರೂ ಒಳಗಿನ ಸರ್ಕ್ಯೂಟ್ ಸುಟ್ಟುಹೋಗಬಹುದು. ಬದಲಿ ಅಡಾಪ್ಟರಿನ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟು ಅಥವಾ ಹೆಚ್ಚಿರಬೇಕು, ಚೀಟಿಯಲ್ಲಿ ಬರೆದಿರುವ ಪ್ಲಸ್ ಮೈನಸ್ ಗುರುತೂ ಒಂದೇ ಆಗಿರಬೇಕು.

ಚಿಕ್ಕಮ್ಮಾ, ನೇರ ಸಿಕ್ಕಿಸಿದರೂ ಟಿಕ್ ಟಿಕ್ ನಿಲ್ಲದಿದ್ದರೆ ತಕ್ಷಣ ತೆಗೆದಿಡಿ, ಪುನಃ ಪುನಃ ಪ್ರಯತ್ನಿಸಬೇಡಿ. ಒಳಗೆ ನಿಜವಾಗಿ ಪೆಟ್ಟಾಗಿದ್ದರೆ ಪ್ರತಿ ಸಲವೂ ಇನ್ನಷ್ಟು ಕೆಡಬಹುದು. ತೆರೆದುಕೊಂಡರೆ ಕೇಳಲು ಕುಳಿತುಕೊಳ್ಳಬೇಡಿ, ಮೊದಲು ಇನ್ನೊಂದು ಕಡೆಗೆ ಪ್ರತಿ ಮಾಡಿಕೊಳ್ಳಿ. ಅಜ್ಜ ಕರ್ಣನಾಗಿ ಹೇಳಿದ ಅರ್ಥ ಆ ಒಂದೇ ಡಿಸ್ಕಿನಲ್ಲಿರುವುದು. ಶನಿವಾರ ಅಡಾಪ್ಟರ್ ಇರುವ ನನ್ನ ಹಬ್ ಹಿಡಿದುಕೊಂಡು ಬದಿಯಡ್ಕಕ್ಕೆ ಬರುತ್ತೇನೆ. ಮಳೆ ಜೋರಿದೆ, ಅಲ್ಲಿಯವರೆಗೆ ಡಿಸ್ಕನ್ನು ಕಿಟಕಿಯ ಬಳಿ ಇಡಬೇಡಿ.