ಅಪರಾಧಿ ಯಾರೆಂದು ತಿಳಿದ ಮೇಲೆ ಪತ್ತೇದಾರಿ ಕಥೆಯಲ್ಲಿ ಏನು ಉಳಿಯುತ್ತದೆ?

ಪ್ರಶ್ನೆ: ಪದವಿ ವಿದ್ಯಾರ್ಥಿನಿ, ಕಲಬುರಗಿ

ಹಿರಿಯ ಓದುಗರೆಲ್ಲರಿಗೂ ನಮಸ್ಕಾರಗಳು.

ನಾನು ಕಲಬುರಗಿಯಲ್ಲಿ ಬಿ.ಎಸ್‌ಸಿ. ಓದುತ್ತಿದ್ದೇನೆ. ಪಿಯುಸಿಯಲ್ಲಿದ್ದಾಗ ಷೆರ್ಲಾಕ್ ಹೋಮ್ಸ್ ಕಥೆಗಳಿಂದ ಹತ್ತಿದ ಪತ್ತೇದಾರಿ ಸಾಹಿತ್ಯದ ಹುಚ್ಚು ಇಂದಿಗೂ ಇಳಿದಿಲ್ಲ. ಆರ್ಥರ್ ಕಾನನ್ ಡಾಯ್ಲ್ ಅವರು ಹೋಮ್ಸ್‌ನನ್ನು ಕುರಿತು ಬರೆದ 4 ಕಾದಂಬರಿಗಳನ್ನೂ 56 ಸಣ್ಣಕಥೆಗಳನ್ನೂ ಓದಿ ಮುಗಿಸಿ, ಈಗ ಅಗಾಥಾ ಕ್ರಿಸ್ಟಿಯವರ ಕಾದಂಬರಿಗಳನ್ನು ಒಂದೊಂದಾಗಿ ಹಿಡಿದಿದ್ದೇನೆ. ಓದುವಾಗ ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು, ಯಾರು ಎಷ್ಟು ಗಂಟೆಗೆ ಎಲ್ಲಿದ್ದರು, ಯಾರ ಮಾತು ಯಾರ ಮಾತಿಗೆ ತಾಳೆಯಾಗುವುದಿಲ್ಲ ಎಂಬುದನ್ನು ಬರೆದುಕೊಳ್ಳುತ್ತೇನೆ. ಕೊನೆಯ ಅಧ್ಯಾಯ ಬಂದಾಗ ಪುಸ್ತಕ ಮುಚ್ಚಿ, ನನ್ನ ಅನುಮಾನವನ್ನು ಕಾರಣಸಹಿತ ಬರೆದ ನಂತರವೇ ಮುಂದಕ್ಕೆ ಹೋಗುತ್ತೇನೆ.

ನಮ್ಮ ಕಾಕಾ ಅವರಿಗೆ ಈ ಓದು ವ್ಯರ್ಥವೆನಿಸುತ್ತದೆ. "ಕಳ್ಳ ಯಾರಂತ ಗೊತ್ತಾದ ಮ್ಯಾಲ ಆ ಪುಸ್ತಕದಾಗ ಏನದ? ರದ್ದಿಗಿ ಹಾಕು" ಎನ್ನುತ್ತಾರೆ. ಆ ಮಾತನ್ನು ತಳ್ಳಿಹಾಕುವುದು ನನಗೆ ಅಷ್ಟು ಸುಲಭವಾಗಿಲ್ಲ. ಕೆಲವು ಕಥೆಗಳನ್ನು ಮತ್ತೆ ಓದಿದಾಗ ಮೊದಲಿಗಿಂತ ಹೆಚ್ಚು ಸಂತೋಷವಾಗುತ್ತದೆ, ಮತ್ತೆ ಕೆಲವು ಸಪ್ಪೆಯಾಗುತ್ತವೆ. ‘ದ ಸ್ಪೆಕಲ್ಡ್ ಬ್ಯಾಂಡ್’ ಕಥೆಯನ್ನು ಡಾಯ್ಲ್ 1927ರಲ್ಲಿ ತಮ್ಮ ಮೆಚ್ಚಿನ ಹನ್ನೆರಡು ಹೋಮ್ಸ್ ಕಥೆಗಳ ಪಟ್ಟಿಯಲ್ಲಿ ಮೊದಲನೆಯದಾಗಿ ಇಟ್ಟರು. ಆದರೆ ಪ್ರಾಣಿಶಾಸ್ತ್ರ ಓದುತ್ತಿರುವ ನನಗೆ ಎರಡನೆಯ ಓದಿನಲ್ಲಿ ಅದರ ಮುಖ್ಯ ತಂತ್ರವನ್ನು ನಂಬಲಾಗಲಿಲ್ಲ. ಗುಟ್ಟು ರಟ್ಟಾದ ಮೇಲೂ ಒಂದು ಪತ್ತೇದಾರಿ ಕೃತಿಯನ್ನು ಉಳಿಸುವುದು ಯಾವುದು?

ಇದನ್ನು ಕೇಳಲು ಮತ್ತೊಂದು ಕಾರಣವೂ ಇದೆ. ನಾವು ಕೆಲವು ಗೆಳತಿಯರು ಭಾನುವಾರ ಸಾಯಂಕಾಲ ಪಬ್ಲಿಕ್ ಗಾರ್ಡನ್‌ನಲ್ಲಿ ಕೂತು ಈ ಕಥೆಗಳನ್ನು ಕನ್ನಡದಲ್ಲಿ ಓದಿ ಹೇಳಬೇಕೆಂದಿದ್ದೇವೆ. ಓದಿದವರೂ ಓದದವರೂ ಒಟ್ಟಿಗೆ ಕೂರುವಾಗ ಹೇಗೆ ನಡೆಸಬೇಕು?

ಉತ್ತರ: ನಿವೃತ್ತ ಇಂಗ್ಲಿಷ್ ಅಧ್ಯಾಪಕ, ಬೀದರ್

ತಂಗೀ, ನಿಮ್ಮ ನೋಟ್‌ಬುಕ್ಕಿನ ಅಭ್ಯಾಸವನ್ನು ದಯವಿಟ್ಟು ಬಿಡಬೇಡಿ. ಈ ಪ್ರಕಾರದ ಲೇಖಕರು ಬಯಸಿದ್ದು ಅಂಥ ಓದುಗರನ್ನೇ. ಎಡ್ಗರ್ ಅಲನ್ ಪೋ 1841ರಲ್ಲಿ, ಮೊದಲ ಪತ್ತೇದಾರಿ ಕಥೆಯೆಂದು ಹೆಸರಾದ ‘ದ ಮರ್ಡರ್ಸ್ ಇನ್ ದ ರೂ ಮಾರ್ಗ್’ ಬರೆದಾಗ ಓದುಗನು ಪತ್ತೇದಾರನ ಬುದ್ಧಿಗೆ ಬೆರಗಾದರೆ ಸಾಕಾಗಿತ್ತು. 1920ರ ದಶಕದ ಹೊತ್ತಿಗೆ ಆ ಸಂಬಂಧ ಬದಲಾಗಿ, ಲೇಖಕನು ಸುಳಿವುಗಳನ್ನೆಲ್ಲ ಓದುಗನ ಕಣ್ಣೆದುರಿಗೇ ಇಡಬೇಕೆಂಬ ಕಟ್ಟಳೆ ಬಂತು. ಎಸ್. ಎಸ್. ವ್ಯಾನ್ ಡೈನ್ 1928ರಲ್ಲಿ ಇಪ್ಪತ್ತು ನಿಯಮಗಳನ್ನೂ, ಪಾದ್ರಿಯಾಗಿದ್ದ ರೊನಾಲ್ಡ್ ನಾಕ್ಸ್ 1929ರಲ್ಲಿ ಹತ್ತು ನಿಯಮಗಳನ್ನೂ ಬರೆದರು. ನಾಕ್ಸ್ ಅವರ ಪ್ರಕಾರ ಪತ್ತೇದಾರನು ತಾನು ಕಂಡ ಸುಳಿವನ್ನು ಓದುಗನಿಂದ ಮುಚ್ಚಿಡುವಂತಿಲ್ಲ, ಅಪರಾಧಿಯು ಕಥೆಯ ಆರಂಭದಲ್ಲಿಯೇ ಕಾಣಿಸಿಕೊಂಡಿರಬೇಕು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಈ ಕಟ್ಟಳೆಯಲ್ಲಿಯೇ ಇದೆ. ಮೊದಲ ಓದಿನಲ್ಲಿ ನಾವು ಅಪರಾಧಿಯನ್ನು ಹುಡುಕುತ್ತೇವೆ; ಎರಡನೆಯ ಓದಿನಲ್ಲಿ ಲೇಖಕನನ್ನು ಹುಡುಕುತ್ತೇವೆ. ಸುಳಿವನ್ನು ಎಲ್ಲಿಟ್ಟ, ಅದರ ಮೇಲೆ ಏನನ್ನು ಹೊದಿಸಿದ, ನಮ್ಮ ಗಮನವನ್ನು ಯಾವ ಕಡೆಗೆ ತಿರುಗಿಸಿದ ಎಂಬುದು ಗುಟ್ಟು ತಿಳಿದವರಿಗೆ ಮಾತ್ರ ಕಾಣುವಂಥದ್ದು.

1892ರ ಡಿಸೆಂಬರಿನಲ್ಲಿ ‘ಸ್ಟ್ರ್ಯಾಂಡ್’ ಪತ್ರಿಕೆಯಲ್ಲಿ ಬಂದ ‘ಸಿಲ್ವರ್ ಬ್ಲೇಜ್’ ಕಥೆಯನ್ನು ನೋಡಿ. ರೇಸಿನ ಕುದುರೆಯೊಂದು ಲಾಯದಿಂದ ಕಾಣೆಯಾದ ಆ ರಾತ್ರಿ ನಾಯಿ ಬೊಗಳಲಿಲ್ಲವೆಂಬುದನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ನನಗೆ ಅದಕ್ಕಿಂತ ಹೆಚ್ಚು ಇಷ್ಟವಾದದ್ದು ಅಡುಗೆಯ ಸುಳಿವು. ಕುದುರೆ ಲಾಯ ಕಾಯುವ ಹುಡುಗನಿಗೆ ಮನೆಗೆಲಸದವಳು ರಾತ್ರಿಯೂಟ ಒಯ್ಯುತ್ತಾಳೆ. ಅದು ಮಸಾಲೆ ಹಾಕಿದ ಕುರಿಮಾಂಸದ ಪಲ್ಯ. ಕಥೆಯ ಮೊದಲ ಭಾಗದಲ್ಲಿ ಈ ಸಂಗತಿ ಬೇರೆ ವಿವರಗಳ ನಡುವೆ ಹಾಗೆಯೇ ಹಾದುಹೋಗುತ್ತದೆ. ಅದರಲ್ಲಿ ಅಫೀಮಿನ ಪುಡಿ ಬೆರೆತಿತ್ತೆಂದು ಆಮೇಲೆ ತಿಳಿಯುತ್ತದೆ. ಅಫೀಮಿಗೆ ರುಚಿಯಿದೆ, ಸಪ್ಪೆ ಅಡುಗೆಯಲ್ಲಿ ಬೆರೆಸಿದರೆ ಮೊದಲ ತುತ್ತಿನಲ್ಲೇ ತಿಳಿದುಬಿಡುತ್ತದೆ. ಖಾರ ಮಸಾಲೆ ಮಾತ್ರ ಅದನ್ನು ಮುಚ್ಚಬಲ್ಲದು. ಹಾಗಾದರೆ ಹೊರಗಿನಿಂದ ಬಂದ ಅಪರಿಚಿತನು ಆ ಮನೆಯಲ್ಲಿ ಆ ದಿನ ಯಾವ ಅಡುಗೆಯಾಗಬೇಕೆಂದು ನಿರ್ಧರಿಸಲು ಸಾಧ್ಯವೇ? ಹೊರಗಿನವನೇ ಅಪರಾಧಿ ಎಂಬ ಪೊಲೀಸರ ಇಡೀ ವಾದವನ್ನು ಒಂದು ಊಟದ ತಟ್ಟೆ ಉರುಳಿಸುತ್ತದೆ. ಎರಡನೆಯ ಸಲ ಓದುವವರು ಆ ತಟ್ಟೆ ಬಂದೊಡನೆ ಎದ್ದು ಕೂರುತ್ತಾರೆ.

‘ಸ್ಪೆಕಲ್ಡ್ ಬ್ಯಾಂಡ್’ ವಿಷಯದಲ್ಲಿ ನಿಮ್ಮ ಆಕ್ಷೇಪಣೆ ಸರಿಯಾದದ್ದೇ. ಆದರೂ ಆ ಕಥೆಯನ್ನು ತರ್ಕಕ್ಕಾಗಿ ಓದಬೇಡಿ. ಕತ್ತಲ ಕೋಣೆಯಲ್ಲಿ ಹೋಮ್ಸ್ ಮತ್ತು ವಾಟ್ಸನ್ ದೀಪವಿಲ್ಲದೆ ಕಾದು ಕೂರುವ ಆ ಪುಟಗಳಿಗಾಗಿ ಓದಿ.

ಕ್ರಿಸ್ಟಿಯವರ 1926ರ ‘ದ ಮರ್ಡರ್ ಆಫ್ ರೋಜರ್ ಅಕ್ರಾಯ್ಡ್’ ಕಾದಂಬರಿಯನ್ನು ನೀವು ಇನ್ನೂ ಓದಿಲ್ಲವಾದರೆ, ಅದರ ಬಗ್ಗೆ ಯಾರು ಏನು ಹೇಳಹೊರಟರೂ ಕಿವಿ ಮುಚ್ಚಿಕೊಳ್ಳಿ, ಮುಗಿಸಿದ ದಿನವೇ ಮೊದಲ ಪುಟದಿಂದ ಮತ್ತೆ ಆರಂಭಿಸಿ. ಅದು ಬಂದಾಗ ಲೇಖಕಿ ಮೋಸ ಮಾಡಿದರೆಂದು ದೂರಿದವರಿದ್ದರು. ಎಲ್ಲರನ್ನೂ ಅನುಮಾನಿಸುವುದು ಓದುಗನ ಕೆಲಸವೆಂದು ಮತ್ತೊಬ್ಬ ಪತ್ತೇದಾರಿ ಲೇಖಕಿ ಡೊರೊತಿ ಸೇಯರ್ಸ್ ಕ್ರಿಸ್ಟಿಯವರ ಪರವಾಗಿ ನಿಂತರು. ನಾನು ಸೇಯರ್ಸ್ ಅವರ ಪಕ್ಷ.

ಪ್ರಶ್ನೆ ಕೇಳಿದವರು

ಸರ್, ತುಂಬಾ ಧನ್ಯವಾದಗಳು. ಅಡುಗೆಯ ಸುಳಿವನ್ನು ನಾನೂ ಗುರುತು ಹಾಕಿಕೊಂಡಿದ್ದೆ, ಆದರೆ ಅದನ್ನು ನಾಯಿಯ ಸುಳಿವಿಗಿಂತ ಮೇಲೆ ಇಟ್ಟಿರಲಿಲ್ಲ. ಈಗ ಯೋಚಿಸಿದರೆ ಎರಡೂ ಒಂದೇ ಕಡೆಗೆ, ಅಂದರೆ ಮನೆಯೊಳಗಿನವರ ಕಡೆಗೆ, ಬೆರಳು ತೋರಿಸುತ್ತವೆ. ಆದರೆ ಅಪರಾಧಿ ಯಾರೆಂದು ಮೊದಲೇ ಹೇಳಿಬಿಟ್ಟು ಬರೆದ ಕೃತಿಗಳೂ ಇವೆಯೇ? ಇದ್ದರೆ ನಮ್ಮ ಕಾಕಾ ಅವರಿಗೆ ಅವುಗಳನ್ನೇ ಕೊಡಬೇಕೆಂದಿದ್ದೇನೆ.

ಉತ್ತರ: ಇತಿಹಾಸದ ಓದುಗ, ಸುರಪುರ

ಇವೆ, ಅವುಗಳಲ್ಲಿ ಒಂದರ ಲೇಖಕರು ನಮ್ಮ ಊರಿನಲ್ಲಿಯೇ ಇದ್ದವರು. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಅನ್ನು ನೀವು ನೋಡಿರಬಹುದು. ನಿಜಾಮರ ಸೇವೆಯಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್ 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡರು. ಅದಕ್ಕೂ ಮುಂಚೆ, 1839ರಲ್ಲಿ, ಅವರ ‘ಕನ್‌ಫೆಷನ್ಸ್ ಆಫ್ ಎ ಥಗ್’ ಕಾದಂಬರಿ ಪ್ರಕಟವಾಗಿತ್ತು. ಪೋ ಅವರ ಕಥೆಗಿಂತ ಎರಡು ವರ್ಷ ಮೊದಲು ಎಂಬುದನ್ನು ಗಮನಿಸಿ.

ಇದನ್ನು ಪತ್ತೇದಾರಿ ಕಾದಂಬರಿ ಎಂದು ಕರೆಯುವಂತಿಲ್ಲ, ಏಕೆಂದರೆ ಇಲ್ಲಿ ಪತ್ತೆಹಚ್ಚುವುದಕ್ಕೆ ಏನೂ ಉಳಿದಿಲ್ಲ: ಸೆರೆಸಿಕ್ಕ ಅಮೀರ್ ಅಲಿ ಎಂಬ ಠಗ್ಗನು (ದಾರಿಹೋಕರನ್ನು ಕೊಂದು ದೋಚುವ ಗುಂಪಿನವನು) ತನ್ನ ಜೀವನವನ್ನು ಒಬ್ಬ ಸಾಹೇಬನೆದುರು ತಾನೇ ಹೇಳಿಕೊಳ್ಳುತ್ತಾನೆ. ಕೊಂದವನು ಯಾರೆಂಬುದು ಆರಂಭದಿಂದಲೇ ಗೊತ್ತು. ಆದರೂ ದಾರಿಹೋಕರೊಡನೆ ದಿನಗಟ್ಟಲೆ ನಡೆದು, ಉಂಡು, ಹಾಡು ಕೇಳಿ, ವಿಶ್ವಾಸ ಗಳಿಸಿ, ಕೊನೆಗೆ ಒಂದು ಸಂಕೇತದ ಮಾತಿಗೆ ಕತ್ತು ಬಿಗಿಯಲು ರುಮಾಲು ಎತ್ತುವ ಆ ಜನರ ನಡೆಯನ್ನು ಓದುವಾಗ ಉಸಿರು ಬಿಗಿಯಾಗುತ್ತದೆ. ಠಗ್ಗರ ವಿಚಾರಣೆಗಳನ್ನು ಹತ್ತಿರದಿಂದ ಬಲ್ಲವರಾಗಿದ್ದುದರಿಂದ ಟೇಲರ್ ಅವರ ವಿವರಗಳಲ್ಲಿ ಬಿಗಿ ಇದೆ. ಆಳುವವರ ದೃಷ್ಟಿಯೂ ಅದರಲ್ಲಿ ಬೆರೆತಿದೆ ಎಂಬುದನ್ನು ಮರೆಯದೆ ಓದಬೇಕು.

ಶುದ್ಧ ಪತ್ತೇದಾರಿಯೇ ಬೇಕೆಂದರೆ ಆರ್. ಆಸ್ಟಿನ್ ಫ್ರೀಮನ್ ಅವರ 1912ರ ‘ದ ಸಿಂಗಿಂಗ್ ಬೋನ್’ ಸಂಕಲನವಿದೆ. ಅಲ್ಲಿ ಮೊದಲ ಭಾಗದಲ್ಲಿ ಅಪರಾಧವು ನಮ್ಮ ಕಣ್ಣೆದುರೇ ನಡೆಯುತ್ತದೆ, ಎರಡನೆಯ ಭಾಗದಲ್ಲಿ ಡಾ. ಥಾರ್ನ್‌ಡೈಕ್ ಅದನ್ನು ಧೂಳು, ನೂಲು, ಗಾಜಿನ ಚೂರುಗಳಂಥ ಸಣ್ಣ ಕುರುಹುಗಳಿಂದ ಬಿಡಿಸುತ್ತಾರೆ. ವಿಜ್ಞಾನದ ವಿದ್ಯಾರ್ಥಿನಿಯಾದ ನಿಮಗೆ ಇದು ಹಿಡಿಸುತ್ತದೆ.

ವಿಲ್ಕಿ ಕಾಲಿನ್ಸ್ ಅವರ 1868ರ ‘ದ ಮೂನ್‌ಸ್ಟೋನ್’ ಅನ್ನು ಕನ್ನಡಿಗರು ಬಿಡುವ ಹಾಗಿಲ್ಲ. ಅದು ಆರಂಭವಾಗುವುದೇ 1799ರ ಶ್ರೀರಂಗಪಟ್ಟಣದ ಮುತ್ತಿಗೆಯಿಂದ; ಅಲ್ಲಿ ಲೂಟಿಯಾದ ವಜ್ರ ಇಂಗ್ಲೆಂಡಿನ ಒಂದು ಮನೆಯಲ್ಲಿ ಮತ್ತೆ ಕಳುವಾಗುತ್ತದೆ. ಎರಡನೆಯ ಕಳವನ್ನು ಪತ್ತೆಹಚ್ಚಲು ಅಷ್ಟು ಜನ ಓಡಾಡುವಾಗ, ಮೊದಲ ಕಳವು ಯಾರದೆಂಬುದು ಓದುಗನ ಮನಸ್ಸಿನಲ್ಲಿ ಉಳಿದೇ ಇರುತ್ತದೆ. ನನ್ನ ಮಟ್ಟಿಗೆ ಆ ಕಾದಂಬರಿಯ ಶಕ್ತಿ ಅಲ್ಲಿದೆ, ಅದು ಕೊನೆ ತಿಳಿದ ಮೇಲೂ ಕಡಿಮೆಯಾಗುವುದಿಲ್ಲ.

ಉತ್ತರ: ಗ್ರಂಥಪಾಲಕಿ, ಕಲಬುರಗಿ

ಭಾನುವಾರದ ಓದಿನ ಬಗ್ಗೆ ಎರಡು ಮಾತು. ಡಾಯ್ಲ್ 1930ರಲ್ಲಿ ತೀರಿಕೊಂಡವರಾದ್ದರಿಂದ ಭಾರತದಲ್ಲಿ ಅವರ ಬರಹಗಳ ಮೇಲೆ ಈಗ ಹಕ್ಕುಸ್ವಾಮ್ಯವಿಲ್ಲ. ನೀವೇ ಕನ್ನಡಕ್ಕೆ ಅನುವಾದಿಸಿ ಹಂಚಬಹುದು. ಕ್ರಿಸ್ಟಿ ತೀರಿಕೊಂಡದ್ದು 1976ರಲ್ಲಿ. ಲೇಖಕರ ಮರಣಾನಂತರ 60 ವರ್ಷಗಳೆಂಬ ನಮ್ಮ ಕಾನೂನಿನ ಪ್ರಕಾರ 2036ರ ಕೊನೆಯವರೆಗೆ ಅವರ ಕೃತಿಗಳ ಅನುವಾದ ಪ್ರಕಟಿಸಲು ಅನುಮತಿ ಬೇಕು. ಕನ್ನಡದವರೇ ಆದ ಎನ್. ನರಸಿಂಹಯ್ಯನವರನ್ನೂ ಪಟ್ಟಿಗೆ ಸೇರಿಸಿ. ಶಾಲೆಯ ಓದು ಬಹಳ ಕಡಿಮೆಯಿದ್ದರೂ ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ಬರೆದು, ಸಾವಿರಾರು ಜನರಿಗೆ ಕನ್ನಡ ಓದಿನ ರುಚಿ ಹಚ್ಚಿದವರು ಅವರು. ಹಳೆಯ ಪುಸ್ತಕದಂಗಡಿಗಳಲ್ಲಿ ‘ಪತ್ತೇದಾರ ಪುರುಷೋತ್ತಮ’ ಎಲ್ಲಾದರೂ ಕಣ್ಣಿಗೆ ಬಿದ್ದರೆ ಬಿಡಬೇಡಿ.

ಮೊದಲ ವಾರಕ್ಕೆ ‘ಸಿಲ್ವರ್ ಬ್ಲೇಜ್’ ಕಥೆಯನ್ನೇ ಇಟ್ಟುಕೊಳ್ಳಿ. ನಾಯಿಯ ಕುರಿತ ಸಂಭಾಷಣೆ ಮುಗಿದೊಡನೆ ಓದು ನಿಲ್ಲಿಸಿ. ಓದದವರೆಲ್ಲರೂ ತಮ್ಮ ಅನುಮಾನವನ್ನು ಚೀಟಿಯಲ್ಲಿ ಬರೆದುಕೊಡಲಿ, ಮೊದಲೇ ಓದಿದವರು ಸುಳಿವುಗಳು ಯಾವ ಯಾವ ಪ್ಯಾರಾದಲ್ಲಿ ಬಂದಿವೆ ಎಂಬುದನ್ನು ಬರೆದುಕೊಡಲಿ. ಚೀಟಿಗಳನ್ನು ಒಬ್ಬರು ಇಟ್ಟುಕೊಂಡು, ಮುಂದಿನ ಭಾನುವಾರ ಉಳಿದ ಭಾಗವನ್ನು ಓದಿದ ಮೇಲೆ ತೆರೆಯಿರಿ. ಕಾಕಾ ಅವರನ್ನೂ ಕರೆದುಕೊಂಡು ಬನ್ನಿ, ಅವರಿಗೂ ಒಂದು ಚೀಟಿ ಕೊಡಿ.