ಬೆಕ್ಕು ಮಡಿವಾಳ ಹಕ್ಕಿ ಗೂಡಿನ ಪೆಟ್ಟಿಗೆ ಕೆಡವಿದೆ, ಮರಿಗಳಿವೆ, ಬೇಗ ಹೇಳಿ ಏನ್ ಮಾಡ್ಲಿ?

ಸೀಬೆಮರ_ಮೈಸೂರು:
ಎಲ್ರಿಗೂ ನಮಸ್ಕಾರ, ಸ್ವಲ್ಪ ಅರ್ಜೆಂಟು. ಹಿತ್ತಲ ಸೀಬೆ ಮರಕ್ಕೆ ಎರಡು ವರ್ಷದ ಹಿಂದೆ ಗುಬ್ಬಚ್ಚಿ ಬರ್ಲಿ ಅಂತ ಒಂದು ಪೆಟ್ಟಿಗೆ ಕಟ್ಟಿದ್ವಿ, ಗುಬ್ಬಚ್ಚಿ ಬರ್ಲೇ ಇಲ್ಲ, ತೂತು ದೊಡ್ಡದಾಯ್ತೋ ಏನೋ, ಈ ಏಪ್ರಿಲ್‌ನಲ್ಲಿ ಮಡಿವಾಳ ಜೋಡಿ ಬಂದು ಗೂಡು ಮಾಡ್ತು. ಬೆಳಕಾಗೋ ಮುಂಚೆ ಆ ಗಂಡು ಹಾಡೋದು ಕೇಳ್ಕೊಂಡೇ ನಮ್ಮಮ್ಮ ಎದ್ದೇಳೋದು. ನಿನ್ನೆ ರಾತ್ರಿ ಬೆಕ್ಕು ಪೆಟ್ಟಿಗೆ ಕೆಡವಿಬಿಟ್ಟಿದೆ. ಆರು ಗಂಟೆಗೆ ನೋಡಿದ್ರೆ ನೆಲದ ಮೇಲಿದೆ, ಮುಚ್ಚಳ ಕಿತ್ತಿದೆ, ನಾಲ್ಕರಲ್ಲಿ ಒಂದು ಮರಿ ಸತ್ತಿದೆ. ಮೂರು ಬದುಕಿವೆ, ಈಗಷ್ಟೇ ಕಣ್ಣು ಬಿಡ್ತಿವೆ, ರೆಕ್ಕೆ ಮೇಲೆ ಕಡ್ಡಿ ಕಡ್ಡಿ ಥರ ಗರಿ ಬಂದಿದೆ. ಸದ್ಯಕ್ಕೆ ಶೂ ಡಬ್ಬದಲ್ಲಿ ಹತ್ತಿ ಹಾಕಿ ಒಳಗೆ ಇಟ್ಕೊಂಡಿದೀನಿ. ಗಂಡು ಹೆಣ್ಣು ಎರಡೂ ಕಾಂಪೌಂಡ್ ಮೇಲೆ ಬಾಲ ಎತ್ತೆತ್ತಿ ಚರ್ರ್ ಚರ್ರ್ ಅಂತ ಕೂಗ್ತಾನೇ ಇವೆ, ಕೇಳಕ್ಕಾಗ್ತಿಲ್ಲ. ಮನುಷ್ಯರು ಮುಟ್ಟಿದ್ಮೇಲೆ ತಾಯಿ ಸೇರ್ಸಲ್ಲ ಅಂತ ಪಕ್ಕದ್ಮನೆ ಅಜ್ಜಿ ಹೇಳ್ತಾರೆ, ನಿಜಾನಾ? ಹಾಲಲ್ಲಿ ಬ್ರೆಡ್ ನೆನೆಸಿ ಕೊಡ್ಲಾ?

ತುಂಗಾತೀರ:
ಹಾಲು ಬ್ರೆಡ್ ಎರಡೂ ಬೇಡ, ದಯವಿಟ್ಟು! ಹಕ್ಕಿಗೆ ಹಾಲು ಜೀರ್ಣ ಆಗಲ್ಲ, ಡ್ರಾಪರ್‌ನಲ್ಲಿ ನೀರೂ ಹಾಕ್ಬೇಡಿ, ಉಸಿರ್ನಾಳಕ್ಕೆ ಹೋಗಿ ಸತ್ತೋಗುತ್ತೆ. ಆ ಹತ್ತಿ ಮೊದಲು ತೆಗೀರಿ, ಎಳೆ ಕಾಲುಗುರಿಗೆ ಸುತ್ಕೊಳ್ಳುತ್ತೆ. ಮುಟ್ಟಿದ್ರೆ ಸೇರ್ಸಲ್ಲ ಅನ್ನೋದು ನಮ್ಮೂರಲ್ಲೂ ಹೇಳ್ತಾರೆ, ನಿಜ ಅಲ್ಲ, ಇಂಥ ಹಕ್ಕಿಗಳು ವಾಸನೆ ಹಿಡಿದು ಮರೀನ ಬಿಟ್ಟು ಹೋಗಲ್ಲ. ಅವು ಇನ್ನೂ ಅಲ್ಲೇ ಕೂಗ್ತಿವೆ ಅಂದ್ರೆ ಮರೀನ ಬಿಟ್ಟಿಲ್ಲ ಅಂತ ಅರ್ಥ.

ಪೆಟ್ಟಿಗೆ ರಿಪೇರಿ ಮಾಡಿ ಅದೇ ಕೊಂಬೆಗೆ, ಅದೇ ಎತ್ತರಕ್ಕೆ, ತೂತು ಮೊದಲಿದ್ದ ದಿಕ್ಕಿಗೇ ಇರೋ ಹಾಗೆ ಕಟ್ಟಿ. ಅವು ಹುಡುಕ್ಕೊಂಡು ಬರೋದು ಆ ಜಾಗಕ್ಕೆ, ನಾಲ್ಕಡಿ ಆಚೆ ಕಟ್ಟಿದ್ರೂ ಗಲಿಬಿಲಿ ಆಗ್ತವೆ. ಹಳೇ ನಾರು ಹುಲ್ಲು ಒಣಗಿದ್ರೆ ಅದನ್ನೇ ಒಳಗೆ ಹಾಕಿ. ಮರಿ ತಣ್ಣಗಿದ್ರೆ ಅಂಗೈಲಿ ಹಿಡಿದು ಬೆಚ್ಚಗೆ ಮಾಡಿ ಆಮೇಲೆ ಬಿಡಿ. ಆಮೇಲೆ ಎಲ್ರೂ ಒಳಗೆ ಹೋಗಿ ಬಾಗಿಲು ಹಾಕ್ಕೊಂಡು ಕಿಟಕಿಯಿಂದ ನೋಡಿ, ಇದೇ ಮುಖ್ಯ, ಮರದ ಕೆಳಗೆ ನಿಂತ್ಕೊಂಡ್ರೆ ಅವು ಬರಲ್ಲ. ಎರಡು ಮೂರು ಗಂಟೆ ಆದ್ರೂ ಬರ್ಲಿಲ್ಲ ಅಂದ್ರೆ ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ಕರಿಬೇವು:
ಇರುವೆ ನೋಡಿದ್ರಾ? ನಮ್ಮನೇಲಿ ಹೋದ್ವರ್ಷ ಬೆಕ್ಕಿಂದ ಉಳಿದ ಮರೀನ ಇರುವೆ ತಿಂದ್ಹಾಕ್ತು, ಇನ್ನೂ ಮನಸ್ಸಿಂದ ಹೋಗಿಲ್ಲ. ಸತ್ತ ಮರಿ, ಒಡೆದ ಮೊಟ್ಟೆ ಏನಿದ್ರೂ ಪೂರ್ತಿ ತೆಗೆದು ದೂರ ಹೂತುಬಿಡಿ, ಪೆಟ್ಟಿಗೆ ಒಳಗೆ ಅಂಟಿರೋದನ್ನ ಒಣ ಬಟ್ಟೇಲಿ ಒರೆಸಿ. ಇರುವೆ ಚಾಕ್‌ಪೀಸು, ಪೌಡರ್ ಯಾವ್ದೂ ಹಾಕ್ಬೇಡಿ, ಅದು ವಿಷ, ಆ ಇರುವೆ ಹುಳ ಎಲ್ಲಾ ಕೊನೆಗೆ ಮರಿ ಬಾಯಿಗೇ ಹೋಗೋದು.

ಸೀಬೆಮರ_ಮೈಸೂರು:
ಬಂತು!! ಎಂಟೂವರೆಗೆ ಕಟ್ಟಿ ಒಳಗೆ ಬಂದ್ವಿ, ಮೊದಲು ಗಂಡು ಮೂರ್ನಾಲ್ಕು ಸಲ ಹತ್ರ ಬಂದು ವಾಪಸ್ ಹೋಯ್ತು, ಒಂಬತ್ತೂ ಕಾಲಿಗೆ ಹೆಣ್ಣು, ಆ ಬೂದು ಬಣ್ಣದ್ದು, ಬಾಯಲ್ಲಿ ಹಸಿರು ಹುಳ ಹಿಡ್ಕೊಂಡು ಸೀದಾ ಒಳಗೆ ಹೋಯ್ತು. ಅಮ್ಮ ಅತ್ತೇಬಿಟ್ರು. ಇರುವೆ ಸಾಲು ಇತ್ತು ಕರಿಬೇವು ಅವ್ರೇ, ನೀವು ಹೇಳ್ದೇ ಇದ್ದಿದ್ರೆ ನೋಡ್ತಿರ್ಲಿಲ್ಲ. ಈಗ ಬೆಕ್ಕಿಗೇನು ಮಾಡೋದು?

ತುಂಗಾತೀರ:
ಓದಿ ಜೀವ ಬಂತು. ಬೆಕ್ಕಿಗೆ ಕಾಂಡದ ಸುತ್ತ ಎರಡಡಿ ಅಗಲದ ನುಣುಪು ತಗಡು ಸುತ್ತಿ, ನೆಲದಿಂದ ಐದಾರಡಿ ಮೇಲೆ, ಉಗುರು ಹಿಡಿಯಲ್ಲ. ಆದ್ರೆ ಕಾಂಪೌಂಡಿಂದ ಕೊಂಬೆಗೆ ನೆಗೆಯೋ ಹಾಗಿದ್ರೆ ತಗಡು ದಂಡ, ಆ ಕಡೆ ಚಾಚಿರೋ ಕೊಂಬೆ ಮಾತ್ರ ಸವರಿ, ಅದೂ ಸಂಜೆ ಹೊತ್ತು ಬೇಡ, ಐದು ನಿಮಿಷದಲ್ಲಿ ಮುಗಿಸಿ. ತೂತಿನ ಮುಂದೆ ಕೂರೋಕೆ ಕಡ್ಡಿ ಇದ್ರೆ ಅದನ್ನ ಬಿಚ್ಚಿ, ಮಡಿವಾಳಕ್ಕೆ ಅದು ಬೇಕಾಗಿಲ್ಲ, ಕಾಗೆಗೆ ಕೂರೋಕೆ ಅನುಕೂಲ ಅಷ್ಟೇ. ಇನ್ನೊಂದು ವಾರದಲ್ಲಿ ಮರಿ ಹೊರಗೆ ಬರ್ಬೋದು, ಮೊಟ್ಟೆ ಒಡೆದು ಎರಡು ವಾರಕ್ಕೆಲ್ಲಾ ಬಿಡ್ತವೆ, ಸರಿಯಾಗಿ ಹಾರೋಕೆ ಬರಲ್ಲ ಆಗ, ಗಿಡದ ಬುಡದಲ್ಲಿ ಕೂತಿದ್ರೆ ಬಿದ್ದೋಗಿದೆ ಅಂತ ಎತ್ತಿ ಮನೆಗೆ ತರ್ಬೇಡಿ, ಅಪ್ಪ ಅಮ್ಮ ಅಲ್ಲೇ ಬಂದು ಊಟ ಕೊಡ್ತವೆ. ಬೆಕ್ಕು ಇದ್ರೆ ಮಾತ್ರ ಹತ್ರದ ಪೊದೆ ಮೇಲೆ ಕೂರಿಸಿ.

ಸೀಬೆಮರ_ಮೈಸೂರು:
ಎಂಟನೇ ದಿನ. ಇವತ್ತು ಬೆಳಿಗ್ಗೆ ಎರಡು ಮರಿ ಹೊರಗೆ ಬಂದ್ವು, ಒಂದು ದಾಸವಾಳದ ಗಿಡದಲ್ಲಿ, ಇನ್ನೊಂದು ಬಟ್ಟೆ ಒಗೆಯೋ ಕಲ್ಲಿನ ಹಿಂದೆ, ಬಾಲ ಇನ್ನೂ ಮೋಟು. ಮೂರನೇದು ತೂತಿಂದ ತಲೆ ಹಾಕಿ ನೋಡ್ತಾ ಇದೆ. ಅಮ್ಮ ಕೋಲು ಹಿಡ್ಕೊಂಡು ಬೆಕ್ಕು ಕಾಯ್ತಾ ಹಿತ್ತಲ ಬಾಗಿಲಲ್ಲೇ ಕೂತಿದಾರೆ, ಇವತ್ತು ನಾನು ರಜ ಹಾಕಿದೀನಿ.