ನನ್ನ ನಕ್ಷೆಯಲ್ಲಿ ಬಾಸ್ಟನ್ ಕೂಡ ಉಪೋಷ್ಣವಲಯಕ್ಕೆ ಬಂದುಬಿಟ್ಟಿದೆ, ಎಲ್ಲಿ ತಪ್ಪಾಗಿದೆ?

ಮಲ್ಲಿಗೆಬಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಇಲ್ಲಿ ಶನಿವಾರದ ಕನ್ನಡ ತರಗತಿಯಲ್ಲಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಅವರಿಗಾಗಿ ಅಮೆರಿಕದ ಪೂರ್ವ ಕರಾವಳಿಯ ಹವಾಮಾನ ನಕ್ಷೆಯನ್ನು ಪೂರ್ತಿ ಕನ್ನಡದ ಹೆಸರುಗಳಲ್ಲೇ ಮಾಡುತ್ತಿದ್ದೇನೆ.

ವರ್ಲ್ಡ್‌ಕ್ಲಿಮ್ 2.1 ಅನ್ನುವ ಹವಾಮಾನ ದತ್ತಾಂಶ ಸಂಗ್ರಹದಿಂದ ತಿಂಗಳ ಸರಾಸರಿ ಉಷ್ಣಾಂಶ ಮತ್ತು ಮಳೆಯ ಫೈಲು ಇಳಿಸಿಕೊಂಡೆ. ಉಷ್ಣಾಂಶ, ಮಳೆ ನೋಡಿ ಹವಾಮಾನವನ್ನು ಸಿ, ಡಿ ಅಂತ ಅಕ್ಷರದ ಗುಂಪುಗಳಾಗಿ ವಿಂಗಡಿಸುವ ಕೋಪೆನ್ ನಿಯಮಗಳನ್ನು ಪೈಥಾನ್ ಸ್ಕ್ರಿಪ್ಟಾಗಿ ಬರೆದೆ. ಕ್ಯೂಜಿಐಎಸ್ ಅನ್ನುವ ನಕ್ಷೆ ತಂತ್ರಾಂಶದಲ್ಲಿ ಬಣ್ಣ ಹಾಕಿದೆ. ಸಿಎಫ್ಎ (ಸಿ ಗುಂಪಿನಲ್ಲಿ ಸೆಕೆಯ ಬೇಸಿಗೆ, ವರ್ಷವಿಡೀ ಮಳೆ ಇರುವ ಬಗೆ) ಬಂದ ಕಡೆಗೆಲ್ಲ 'ಉಪೋಷ್ಣವಲಯ' ಅಂತ ಹಸಿರು, ಚಳಿಗಾಲ ಇನ್ನೂ ಕೊರೆಯುವ ಡಿ ಗುಂಪಿಗೆ ನೀಲಿ.

ಫ್ಲೋರಿಡಾದಿಂದ ಶುರುವಾದ ಹಸಿರು ನ್ಯೂಯಾರ್ಕ್ ದಾಟಿ ಬಾಸ್ಟನ್‌ವರೆಗೂ ಹೋಗಿದೆ. ಆನ್‌ಲೈನ್‌ನಲ್ಲಿ ಸಿಕ್ಕ ಇನ್ನೊಂದು ಕೋಪೆನ್ ನಕ್ಷೆಯಲ್ಲಿ ಹಸಿರು ನ್ಯೂಯಾರ್ಕ್ ಹತ್ತಿರವೇ ನಿಂತಿದೆ, ಬಾಸ್ಟನ್ ನೀಲಿ. ಎರಡೂ ಕೋಪೆನ್ ಅಂತಲೇ ಹೇಳುತ್ತವೆ!

ನಮ್ಮ ಮನೆಯ ಕರಿಬೇವಿನ ಗಿಡ ಅಕ್ಟೋಬರ್ ಬಂದರೆ ಕುಂಡದ ಸಮೇತ ಒಳಗೆ ಬರುತ್ತದೆ. ಏಪ್ರಿಲ್ ಕಳೆಯುವವರೆಗೆ ಹೊರಗಿಡುವ ಹಾಗಿಲ್ಲ. ಮಕ್ಕಳು ಅದನ್ನು ನೋಡಿದ್ದಾರೆ. 'ಹಿಮ ಬೀಳುವ ಊರು ಉಪೋಷ್ಣವಲಯ ಹೇಗೆ ಆಗುತ್ತೆ?' ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ದಯವಿಟ್ಟು ಯಾರಾದರೂ ನೋಡಿ ಹೇಳಿ.

ನಕ್ಷೆಮನೆ

ಮೇಡಂ, ಮೊದಲು ಫೈಲಿನ ಅಂಕಿಗಳನ್ನೇ ನೋಡಿಬಿಡಿ. ವರ್ಲ್ಡ್‌ಕ್ಲಿಮ್‌ನ ಹಳೆಯ ಆವೃತ್ತಿಯಲ್ಲಿ ಉಷ್ಣಾಂಶವನ್ನು ಹತ್ತರಿಂದ ಗುಣಿಸಿ ಇಟ್ಟಿರುತ್ತಾರೆ. ಅಂದರೆ 45 ಅಂತ ಇದ್ದರೆ ಅದು 4.5 ಡಿಗ್ರಿ. 2.1ರಲ್ಲಿ ಹಾಗಿಲ್ಲ, ನೇರ ಡಿಗ್ರಿ ಸೆಲ್ಸಿಯಸ್. ಹಳೆಯದಕ್ಕೆ ಬರೆದ ಸ್ಕ್ರಿಪ್ಟನ್ನು ಹೊಸ ಫೈಲಿಗೆ ಓಡಿಸಿದರೆ ಎಲ್ಲವನ್ನೂ ಹತ್ತರಿಂದ ಭಾಗಿಸಿಬಿಡುತ್ತದೆ. ಬಾಸ್ಟನ್ ಮೇಲೆ ಒತ್ತಿ ಜನವರಿ, ಜುಲೈ ಎಷ್ಟು ತೋರಿಸುತ್ತದೆ ನೋಡಿ. ಸ್ಕ್ರಿಪ್ಟಿನಲ್ಲಿ ಸಿ ಮತ್ತು ಡಿ ನಡುವೆ ಯಾವ ಅಂಕಿ ಕೊಟ್ಟಿದ್ದೀರಿ ಅಂತಲೂ ಹೇಳಿ.

ಮಲ್ಲಿಗೆಬಳ್ಳಿ

ನೋಡಿದೆ ಸರ್. ಬಾಸ್ಟನ್ ಜನವರಿ ಮೈನಸ್ ಒಂದೂವರೆ ಆಸುಪಾಸು, ಜುಲೈ 22ಕ್ಕಿಂತ ಜಾಸ್ತಿ. ಅಂಕಿಗಳು ಸರಿಯಾಗಿಯೇ ಕಾಣುತ್ತಿವೆ. ಸಿ ಮತ್ತು ಡಿ ನಡುವೆ ಮೈನಸ್ 3 ಕೊಟ್ಟಿದ್ದೇನೆ. ಕೋಪೆನ್ ಹಾಗೇ ಹೇಳಿದ್ದು ಅಂತ ಓದಿದ್ದೆ.

ನಕ್ಷೆಮನೆ

ಸಿಕ್ಕಿತು. ನಿಮ್ಮ ಸ್ಕ್ರಿಪ್ಟಿನಲ್ಲಿ ತಪ್ಪಿಲ್ಲ. ನೀವು ಓದಿದ್ದೂ ಸರಿ. ಎರಡು ನಕ್ಷೆಗಳು ಎರಡು ಬೇರೆ ಗೆರೆ ಹಾಕಿವೆ, ಅಷ್ಟೇ.

ವ್ಲಾದಿಮಿರ್ ಕೋಪೆನ್ ಗಿಡಮರಗಳನ್ನು ನೋಡಿ ಹವೆಯನ್ನು ಓದಿದವರು. ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಕ್ರೈಮಿಯಾಕ್ಕೆ ಹೋಗಿಬರುವಾಗ ದಾರಿಯಲ್ಲಿ ಕಾಡು, ಹುಲ್ಲುಗಾವಲು ಬದಲಾಗುವುದನ್ನು ಚಿಕ್ಕಂದಿನಿಂದ ಕಂಡಿದ್ದರು. 1884ರಲ್ಲಿ ಮೊದಲ ಉಷ್ಣವಲಯಗಳ ನಕ್ಷೆ, 1900ರಲ್ಲಿ ಅಕ್ಷರಗಳ ಪದ್ಧತಿ, 1936ರಲ್ಲಿ ಕೊನೆಯ ರೂಪ. ಅತಿ ಚಳಿಯ ತಿಂಗಳ ಸರಾಸರಿ ಮೈನಸ್ 3ಕ್ಕಿಂತ ಕೆಳಗೆ ಹೋದರೆ ಹಿಮ ನೆಲದ ಮೇಲೆ ಕೆಲಕಾಲ ನಿಲ್ಲುತ್ತದೆ ಅನ್ನುವುದು ಅವರ ಲೆಕ್ಕ. ಅದಕ್ಕೇ ಆ ಅಂಕಿ. ಆಮೇಲೆ ಅಮೆರಿಕದ ಭೂಗೋಳದವರು ನೀರು ಹೆಪ್ಪುಗಟ್ಟುವ 0 ಡಿಗ್ರಿಯನ್ನೇ ಗೆರೆ ಮಾಡಿಕೊಂಡರು. ಇವತ್ತಿಗೂ ಎರಡೂ ಬಳಕೆಯಲ್ಲಿವೆ. ಕೊಟ್ಟೆಕ್ ಮತ್ತು ಸಂಗಡಿಗರ 2006ರ ನಕ್ಷೆಯಲ್ಲಿ ಮೈನಸ್ 3 ಇದೆ. ಪೀಲ್ ಮತ್ತು ಸಂಗಡಿಗರ 2007ರ ನಕ್ಷೆಯಲ್ಲಿ 0 ಇದೆ. ನೀವು ನೋಡಿದ ಇನ್ನೊಂದು ನಕ್ಷೆ 0 ಹಿಡಿದದ್ದು. ಬಾಸ್ಟನ್ ಆ ಎರಡು ಗೆರೆಗಳ ಮಧ್ಯೆ ಬೀಳುತ್ತದೆ. ಪಿಟ್ಸ್‌ಬರ್ಗ್ ಕೂಡ ಹಾಗೇ. ಶಿಕಾಗೋ ಯಾವ ಗೆರೆ ಹಾಕಿದರೂ ಡಿ.

ಯಾವ ವರ್ಷಗಳ ಸರಾಸರಿ ಅನ್ನುವುದನ್ನೂ ಮರೆಯಬೇಡಿ. ನ್ಯೂಯಾರ್ಕ್ ಸೆಂಟ್ರಲ್ ಪಾರ್ಕಿನ ಜನವರಿ 1961–90ರಲ್ಲಿ ಮೈನಸ್ 0.3 ಇತ್ತು. 1991–2020ರಲ್ಲಿ ಪ್ಲಸ್ 0.9. 0 ಡಿಗ್ರಿಯ ಗೆರೆ ಹಿಡಿದರೆ ಅದೇ ಪಾರ್ಕು ಮೊದಲು ಡಿ, ಈಗ ಸಿ! ನಿಮ್ಮ ವರ್ಲ್ಡ್‌ಕ್ಲಿಮ್ ಫೈಲು 1970–2000ರದ್ದು.

ಆದರೆ ನನ್ನ ಪ್ರಕಾರ ನಿಜವಾದ ಸಮಸ್ಯೆ ನಿಮ್ಮ ಹಸಿರಿಗೆ ಕೊಟ್ಟ ಹೆಸರಿನಲ್ಲಿದೆ. ಕೋಪೆನ್ ಪದ್ಧತಿಯಲ್ಲಿ ಉಪೋಷ್ಣವಲಯ ಅನ್ನುವ ಗುಂಪೇ ಇಲ್ಲ. ಒಣ ಪ್ರದೇಶಗಳನ್ನು ಬಿಟ್ಟರೆ, ಅತಿ ಚಳಿಯ ತಿಂಗಳ ಸರಾಸರಿ 18ರಿಂದ ಕೆಳಗೆ, ಮೈನಸ್ 3ರಿಂದ ಮೇಲೆ ಇರುವುದು ಹೆಚ್ಚುಕಡಿಮೆ ಎಲ್ಲ ಸಿ. ಲಂಡನ್ನೂ ಸಿ, ಶಾಂಘೈಯೂ ಸಿ, ಅಟ್ಲಾಂಟಾವೂ ಸಿ. ಅದರೊಳಗೆ ಬೇಸಿಗೆಯ ತಿಂಗಳು 22 ದಾಟಿದರೆ 'ಎ' ಅಂತ ಸಣ್ಣಕ್ಷರ ಸೇರುತ್ತದೆ. ಲಂಡನ್ನಿನ ಜನವರಿ ನ್ಯೂಯಾರ್ಕ್‌ಗಿಂತ ಬೆಚ್ಚಗಿದೆ, ಆದರೂ ಜುಲೈ ಸರಾಸರಿ 22 ಡಿಗ್ರಿ ಮುಟ್ಟದ ಕಾರಣ ಅದಕ್ಕೆ 'ಎ' ಸಿಗುವುದಿಲ್ಲ. ಈ ಸಿಎಫ್ಎಗೆ 'ಆರ್ದ್ರ ಉಪೋಷ್ಣ' ಅಂತ ಹೆಸರಿಟ್ಟದ್ದು ಆಮೇಲಿನವರು. ಅಂದರೆ ನಿಮ್ಮ ಹಸಿರು ಹೇಳುತ್ತಿರುವುದು ಇಷ್ಟೇ: ಬೇಸಿಗೆ ಸೆಕೆ, ಚಳಿಗಾಲ ತೀರಾ ಕೊರೆಯುವುದಿಲ್ಲ, ವರ್ಷವಿಡೀ ಮಳೆ. ಅದು ನ್ಯೂಯಾರ್ಕಿಗೆ ಒಪ್ಪುತ್ತದೆ. ಉಪೋಷ್ಣ ಅನ್ನುವ ಪದ ಒಪ್ಪುವುದಿಲ್ಲ.

ನಾವು ಶಾಲೆಯಲ್ಲಿ ಓದುವಾಗ ಉಷ್ಣವಲಯ, ಸಮಶೀತೋಷ್ಣ ವಲಯ, ಶೀತವಲಯ ಅಂತ ಮೂರೇ ಇದ್ದವು, ನೆನಪಿದೆಯಾ? ಕರ್ಕಾಟಕ ಸಂಕ್ರಾಂತಿ ವೃತ್ತ ದಾಟಿದ ಕೂಡಲೇ ಸಮಶೀತೋಷ್ಣ. ಆ ಲೆಕ್ಕದಲ್ಲಿ ಮಯಾಮಿಯೂ ಸಮಶೀತೋಷ್ಣವೇ.

ಉಪೋಷ್ಣ ಅನ್ನುವ ಪದವೇ ಬೇಕು ಅಂದರೆ ಟ್ರೆವಾರ್ಥಾ ನಿಯಮ ಹಾಕಿ ನೋಡಿ. ಗ್ಲೆನ್ ಟ್ರೆವಾರ್ಥಾ 1966ರಲ್ಲಿ ಕೋಪೆನ್ ಪದ್ಧತಿಯನ್ನು ತಿದ್ದಿದ್ದೇ ಈ ಸಿ ಗುಂಪು ತುಂಬಾ ಅಗಲವಾಯಿತು ಅಂತ. ಅವರು ಚಳಿಯ ತಿಂಗಳನ್ನು ಬಿಟ್ಟು, ಸರಾಸರಿ 10 ಡಿಗ್ರಿ ಮುಟ್ಟುವ ತಿಂಗಳು ಎಷ್ಟು ಅಂತ ಎಣಿಸಿದರು. ಎಂಟು ಅಥವಾ ಜಾಸ್ತಿ ಇದ್ದರೆ ಉಪೋಷ್ಣ. ನಾಲ್ಕರಿಂದ ಏಳು ಇದ್ದರೆ ಸಮಶೀತೋಷ್ಣ. ಪೈಥಾನ್‌ನಲ್ಲಿ ಒಂದೇ ಸಾಲಿನ ಕೆಲಸ. ಹಾಕಿ ತಿಳಿಸಿ.

ಮಲ್ಲಿಗೆಬಳ್ಳಿ

ಹಾಕಿದೆ! ಬಾಸ್ಟನ್ ಆರು ತಿಂಗಳು, ನ್ಯೂಯಾರ್ಕ್ ಏಳು, ಅಟ್ಲಾಂಟಾ ಒಂಬತ್ತು. ವಾಷಿಂಗ್ಟನ್ ಹತ್ತಿರ ಮಾತ್ರ ಚುಕ್ಕೆ ಚುಕ್ಕೆಯಾಗಿ ಎರಡೂ ಬಣ್ಣ ಬಂದಿದೆ. ನ್ಯೂಜೆರ್ಸಿ ಸಮಶೀತೋಷ್ಣ ಆಯಿತು. ನನ್ನ ಕರಿಬೇವಿಗೂ ಇದೇ ಸರಿ ಅನಿಸುತ್ತೆ.

ನಕ್ಷೆಮನೆ

ವಾಷಿಂಗ್ಟನ್ ಹಾಗೇ ಬರಬೇಕು. ಅಲ್ಲಿ ನವೆಂಬರ್ ಸರಾಸರಿ 10ರ ಅಂಚಿನಲ್ಲೇ ನಿಲ್ಲುತ್ತದೆ. ಆ ಒಂದು ತಿಂಗಳ ಮೇಲೆ ಊರಿನ ವಲಯವೇ ನಿಂತಿದೆ.

ನೀಲಗಿರಿಹಾದಿ

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನಾನು ಗುಂಡ್ಲುಪೇಟೆಯವನು, ಊಟಿ ಕಡೆಯ ನಕ್ಷೆ ಮಾಡುತ್ತಿದ್ದೇನೆ. ನೀವು ಹೇಳಿದ ಟ್ರೆವಾರ್ಥಾ ನಿಯಮ ಹಾಕಿದರೆ ಊಟಿ ಉಪೋಷ್ಣವಲಯ. ಕೋಪೆನ್ ಹಾಕಿದರೆ ಲಂಡನ್ ಇರುವ ಸಿ ಗುಂಪು. ಊಟಿ ಇರುವುದು 11 ಡಿಗ್ರಿ ಉತ್ತರದಲ್ಲಿ. ಎರಡೂ ತಪ್ಪಲ್ವಾ?

ನಕ್ಷೆಮನೆ

ಒಳ್ಳೆಯ ಪ್ರಶ್ನೆ ಕೇಳಿದಿರಿ. ಊಟಿ 2,240 ಮೀಟರ್ ಎತ್ತರದಲ್ಲಿದೆ. ಅಲ್ಲಿ ತಂಪು ಬರುವುದು ಎತ್ತರದಿಂದ, ಋತುವಿನಿಂದಲ್ಲ. ಅತಿ ಚಳಿಯ ತಿಂಗಳಿಗೂ ಅತಿ ಸೆಕೆಯ ತಿಂಗಳಿಗೂ ನಾಲ್ಕೈದು ಡಿಗ್ರಿ ಅಂತರ. ನ್ಯೂಯಾರ್ಕಿನಲ್ಲಿ ಅದು 24 ಡಿಗ್ರಿ. ಒಂದರಲ್ಲಿ ವರ್ಷವಿಡೀ ಸ್ವೆಟರ್, ಇನ್ನೊಂದರಲ್ಲಿ ಆರು ತಿಂಗಳು ಫ್ಯಾನು, ಆರು ತಿಂಗಳು ಹೀಟರ್. ಸುಮ್ನೆ ಸರಾಸರಿ ನೋಡುವ ನಿಯಮಕ್ಕೆ ಈ ವ್ಯತ್ಯಾಸ ಕಾಣುವುದಿಲ್ಲ. ಎತ್ತರದ ಪದರ ತಂದು, ಗುಡ್ಡನಾಡು ಅಂತ ಬೇರೆ ಬಣ್ಣ ಕೊಡಿ. ಬೆಂಗಳೂರಿಗೆ ಈ ತೊಂದರೆ ಇಲ್ಲ. ಸುಮಾರು 920 ಮೀಟರ್ ಎತ್ತರವಿದ್ದರೂ ಅಲ್ಲಿನ ಯಾವ ತಿಂಗಳೂ 18ಕ್ಕಿಂತ ಕೆಳಗೆ ಹೋಗುವುದಿಲ್ಲ. ಎರಡೂ ನಿಯಮದಲ್ಲಿ ಉಷ್ಣವಲಯ.

ಹೊಳೆದಂಡೆ

ನಾನು ಕೆಲಸದ ಮೇಲೆ ಚೀನಾದಲ್ಲಿ ಇದ್ದವನು. ಅಲ್ಲಿ ಉಪೋಷ್ಣ, ಸಮಶೀತೋಷ್ಣಗಳ ನಡುವಿನ ಈ ಗೆರೆ ಸಾಮಾನ್ಯ ಜನರಿಗೂ ಗೊತ್ತು. ಚಿನ್‌ಲಿಂಗ್ ಬೆಟ್ಟಸಾಲು ಮತ್ತು ಹ್ವಾಯ್ ನದಿ. ಜನವರಿಯ 0 ಡಿಗ್ರಿ ಗೆರೆ, ವರ್ಷಕ್ಕೆ 800 ಮಿಲಿಮೀಟರ್ ಮಳೆಯ ಗೆರೆ, ಎರಡೂ ಹೆಚ್ಚುಕಡಿಮೆ ಅಲ್ಲೇ ಹಾದುಹೋಗುತ್ತವೆ. ದಕ್ಷಿಣಕ್ಕೆ ಭತ್ತ, ಉತ್ತರಕ್ಕೆ ಗೋಧಿ. ನಮ್ಮಲ್ಲಿ ರಾಗಿ ಸೀಮೆ, ಜೋಳದ ಸೀಮೆ ಅಂತ ಹೇಳುವ ಹಾಗೆ ಅಲ್ಲಿ ಅನ್ನದ ಊರು, ಗೋಧಿಯ ಊರು. ಸರ್ಕಾರದ ಚಳಿಗಾಲದ ಸಾಮೂಹಿಕ ಹೀಟಿಂಗ್ ಕೂಡ ಬಹುಮಟ್ಟಿಗೆ ಆ ಗೆರೆಯ ಉತ್ತರಕ್ಕೇ ಸಿಗುತ್ತಿತ್ತು. ಗೆರೆಯ ದಕ್ಷಿಣದ ಮನೆಯಲ್ಲಿ ಜನವರಿ ಕಳೆದಿದ್ದೇನೆ, ಒಳಗೂ ಕೋಟು ಬಿಚ್ಚಲು ಆಗುತ್ತಿರಲಿಲ್ಲ.

ತೋಟದಕ್ಕ

ಮಲ್ಲಿಗೆಬಳ್ಳಿ ಅವರೇ, ಕರಿಬೇವಿನ ಮಾತು ಬಂದದ್ದಕ್ಕೆ ಹೇಳುತ್ತಿದ್ದೇನೆ. ನಾನು ಜಾರ್ಜಿಯಾದಲ್ಲಿದ್ದೇನೆ. ನೀವೀಗ ತಂದ ಗೆರೆಯ ಪ್ರಕಾರ ನಮ್ಮದು ಗಟ್ಟಿ ಉಪೋಷ್ಣವಲಯ. ಆದರೂ ನನ್ನ ಕರಿಬೇವು ಚಳಿಗಾಲದಲ್ಲಿ ಒಳಗೇ ಇರುತ್ತದೆ. ಒಮ್ಮೆ ಡಿಸೆಂಬರಿನಲ್ಲಿ ಎರಡು ರಾತ್ರಿ ಹೊರಗೆ ಮರೆತೆ. ಐದು ವರ್ಷದ ಗಿಡ ಬುಡದವರೆಗೆ ಕಪ್ಪಾಯಿತು. ತುಂಬಾ ದುಃಖವಾಯಿತು.

ಗಿಡವನ್ನು ಕೊಲ್ಲುವುದು ತಿಂಗಳ ಸರಾಸರಿ ಅಲ್ಲ, ಒಂದೇ ಒಂದು ಕೆಟ್ಟ ರಾತ್ರಿ. ಕೆನಡಾದಿಂದ ಮೆಕ್ಸಿಕೋ ಕೊಲ್ಲಿಯವರೆಗೆ ಅಡ್ಡಲಾಗಿ ಒಂದು ದೊಡ್ಡ ಬೆಟ್ಟಸಾಲೂ ಇಲ್ಲ. ಉತ್ತರದ ಚಳಿಗಾಳಿ ತಡೆಯಿಲ್ಲದೆ ಇಳಿದುಬರುತ್ತದೆ. ಭಾರತದಲ್ಲಿ ಆ ಕೆಲಸವನ್ನು ಹಿಮಾಲಯ ಮಾಡುತ್ತದೆ. 1894ರ ಡಿಸೆಂಬರ್, 1895ರ ಫೆಬ್ರವರಿ, ಎರಡು ಸಲ ಹೀಗೆ ಗಾಳಿ ಬಂದು ಫ್ಲೋರಿಡಾದ ಕಿತ್ತಳೆ ತೋಟಗಳು ಹಾಳಾದವು. ಬೆಳೆಗಾರರು ಇನ್ನೂ ದಕ್ಷಿಣಕ್ಕೆ ಸರಿಯಬೇಕಾಯಿತು. ಫ್ಲೋರಿಡಾ ಉಪೋಷ್ಣವಲಯ ಅಂತ ಯಾರೂ ಜಗಳ ಆಡುವುದಿಲ್ಲ, ಅಲ್ವಾ?

ಇದಕ್ಕೆ ಅಮೆರಿಕದ ಕೃಷಿ ಇಲಾಖೆಯ ಗಿಡಗಳ ವಲಯ ನಕ್ಷೆ ಇದೆ. ವರ್ಷದ ಅತಿ ಚಳಿಯ ರಾತ್ರಿಯ ಸರಾಸರಿಯನ್ನು ಅದು ತೋರಿಸುತ್ತದೆ. ನ್ಯೂಯಾರ್ಕ್ 7ನೇ ವಲಯ, ಅಂದರೆ ಸುಮಾರು ಮೈನಸ್ 18ರಿಂದ ಮೈನಸ್ 12. ಮಕ್ಕಳಿಗೆ ಕರಿಬೇವು ಯಾಕೆ ಒಳಗೆ ಬರುತ್ತೆ ಅಂತ ತೋರಿಸಲು ಅದೇ ಬೇಕು. ಹವಾಮಾನ ವಲಯದ ಗೆರೆ ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ.

ಮಲ್ಲಿಗೆಬಳ್ಳಿ

ಅಕ್ಕ, ಇದು ನನಗೆ ಹೊಳೆದೇ ಇರಲಿಲ್ಲ. ನಿಮ್ಮ ಗಿಡದ ಸುದ್ದಿ ಓದಿ ಮನಸ್ಸಿಗೆ ಬೇಜಾರಾಯಿತು.

ಎಲ್ಲರ ಮಾತು ಕೇಳಿ ಇಷ್ಟು ಮಾಡಿದ್ದೇನೆ. 'ಉಪೋಷ್ಣವಲಯ' ಅನ್ನುವ ಹೆಸರನ್ನು ಸಿಎಫ್ಎಯಿಂದ ತೆಗೆದು, ಎಂಟು ತಿಂಗಳ ಲೆಕ್ಕಕ್ಕೆ ಕೊಟ್ಟೆ. ಜನವರಿಯ 0 ಮತ್ತು ಮೈನಸ್ 3ರ ಗೆರೆಗಳನ್ನು ಅದರ ಮೇಲೆ ಚುಕ್ಕೆ ಸಾಲಾಗಿ ಎಳೆದೆ. ಬಾಸ್ಟನ್ ಈಗ ಅವೆರಡರ ನಡುವೆ ಚೆನ್ನಾಗಿ ಕಾಣುತ್ತದೆ. ಮೂಲೆಯಲ್ಲಿ 1970–2000ರ ಸರಾಸರಿ ಅಂತ ಬರೆದೆ. ಗಿಡಗಳ ವಲಯಕ್ಕೆ ಬೇರೆ ಹಾಳೆ ಮಾಡುತ್ತೇನೆ.

ಒಂದೇ ತೊಂದರೆ ಉಳಿದಿದೆ. ಕರಾವಳಿ ಉದ್ದಕ್ಕೂ ಕೆಲವು ಚೌಕಗಳು ಖಾಲಿ ಬರುತ್ತಿವೆ. ನ್ಯೂಯಾರ್ಕ್ ಹತ್ತಿರ ಜಾಸ್ತಿ.

ನಕ್ಷೆಮನೆ

10 ನಿಮಿಷದ ಫೈಲು ಬಳಸಿದ್ದೀರಿ ಅನಿಸುತ್ತೆ (ಇಲ್ಲಿ ನಿಮಿಷ, ಸೆಕೆಂಡು ಅಂದರೆ ಸಮಯವಲ್ಲ, ಅಕ್ಷಾಂಶ-ರೇಖಾಂಶದ ಡಿಗ್ರಿಯ ಭಾಗಗಳು). ಒಂದೊಂದು ಚೌಕ ಸುಮಾರು 18 ಕಿಲೋಮೀಟರ್. ದಡದಲ್ಲಿ ಅರ್ಧ ಸಮುದ್ರ ಸೇರಿಕೊಂಡು ಕೆಲವು ಚೌಕಗಳಲ್ಲಿ ಅಂಕಿಯೇ ಇರುವುದಿಲ್ಲ. 30 ಸೆಕೆಂಡಿನ ಫೈಲು ಇಳಿಸಿಕೊಳ್ಳಿ, ಅದು ಸುಮಾರು ಒಂದು ಕಿಲೋಮೀಟರ್. ದೊಡ್ಡದಿದೆ, ಇಡೀ ಪ್ರಪಂಚದ ಫೈಲನ್ನು ಓಡಿಸಬೇಡಿ. ಮೊದಲು ಪೂರ್ವ ಕರಾವಳಿಯಷ್ಟನ್ನೇ ಕತ್ತರಿಸಿಕೊಂಡು ಆಮೇಲೆ ಸ್ಕ್ರಿಪ್ಟ್ ಹಾಕಿ.

ಮಲ್ಲಿಗೆಬಳ್ಳಿ

ಕತ್ತರಿಸಿ ಹಾಕಿದೆ. ಖಾಲಿ ಚೌಕಗಳು ಹೋದವು. ಸಮಸ್ಯೆ ಬಗೆಹರಿಯಿತು ಅಂತ ಗುರುತು ಹಾಕುತ್ತಿದ್ದೇನೆ. ಶನಿವಾರಕ್ಕೆ ಎರಡೂ ಹಾಳೆ ಪ್ರಿಂಟ್ ತೆಗೆಸಿ, ಕರಿಬೇವಿನ ಕುಂಡವನ್ನೂ ತರಗತಿಗೆ ತೆಗೆದುಕೊಂಡು ಹೋಗುತ್ತೇನೆ.